ಮ್ಯಾನ್‌ಹೋಲ್ ಮುಚ್ಚಳ ಕಳವಾದರೆ, ಬೀದಿದೀಪದ ತಂತಿ ಕತ್ತರಿಸಿದ್ದರೆ ನೀವು ಮಾಡಬೇಕಾದದ್ದು

ರಾತ್ರಿ ಇದ್ದ ಮ್ಯಾನ್‌ಹೋಲ್ ಮುಚ್ಚಳ ಬೆಳಿಗ್ಗೆ ಇಲ್ಲ. ಪಾದಚಾರಿ ಮಾರ್ಗದ ಚಪ್ಪಡಿಯನ್ನು ಯಾರೋ ಒಡೆದಿದ್ದಾರೆ. ಬೀದಿದೀಪದ ಕಂಬದ ಬುಡದಿಂದ ತಂತಿ ಕಿತ್ತುಕೊಂಡು ಹೋಗಿದ್ದಾರೆ. ಬಸ್ ತಂಗುದಾಣದ ಸ್ಟೀಲಿನ ಆಸನವೇ ಮಾಯವಾಗಿದೆ. ಇದನ್ನೆಲ್ಲ ಯಾರಿಗೆ ಹೇಳಬೇಕು, ಹೇಳಿದರೆ ಏನಾದರೂ ಆಗುತ್ತದೆಯೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಆಗುತ್ತದೆ. ಆದರೆ ದೂರು ಸರಿಯಾದ ಬಾಗಿಲಿಗೆ, ಸರಿಯಾದ ರೂಪದಲ್ಲಿ ಹೋಗಬೇಕು. ಬೆಂಗಳೂರನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಇಲ್ಲಿ ಬರುವ ಕಾನೂನು ಬಹುಮಟ್ಟಿಗೆ ರಾಜ್ಯದ ಎಲ್ಲ ಊರುಗಳಿಗೂ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಸಾರ್ವಜನಿಕ ಆಸ್ತಿಗೆ ಹಾನಿಯಾದಾಗ ಕೊಡಬೇಕಾದ ದೂರು ಒಂದಲ್ಲ, ಎರಡು. ಒಂದು ದುರಸ್ತಿ ದೂರು: "ಮುಚ್ಚಳ ಇಲ್ಲ, ಹಾಕಿಸಿ." ಇನ್ನೊಂದು ಹಾನಿಯ ದೂರು: "ಸರ್ಕಾರದ ಆಸ್ತಿ ಕಳವಾಗಿದೆ, ತನಿಖೆ ಮಾಡಿ." ನಮ್ಮಲ್ಲಿ ಬಹುತೇಕರು ಮೊದಲನೆಯದನ್ನು ಮಾತ್ರ ಕೊಡುತ್ತೇವೆ. ನಾನು ವಾಸಿಸುವ ರಸ್ತೆಯಲ್ಲಿ ಒಂದೇ ಚರಂಡಿಯ ಕಬ್ಬಿಣದ ಜಾಲರಿ ಒಂದೇ ವರ್ಷದಲ್ಲಿ ಮೂರು ಸಲ ಹೋಯಿತು. ಮೂರು ಸಲವೂ ಹೊಸದು ಬಂತು. ಪೊಲೀಸ್ ಠಾಣೆಗೆ ಮಾತ್ರ ಒಮ್ಮೆಯೂ ಒಂದು ಹಾಳೆ ಹೋಗಿರಲಿಲ್ಲ. ಕದ್ದವನ ಪಾಲಿಗೆ ಅಲ್ಲಿ ಅಪರಾಧವೇ ನಡೆದಿರಲಿಲ್ಲ. ಮುಂದಿನ ಹಂತಗಳೆಲ್ಲ ಈ ಎರಡನೆಯ ದೂರನ್ನೂ ಗಟ್ಟಿಯಾಗಿ ಕೊಡುವುದು ಹೇಗೆ ಎಂಬುದಕ್ಕಾಗಿಯೇ ಇವೆ.

ಜೊತೆಗೆ ಇರಬೇಕಾದವು

ಮೊಬೈಲ್, ಒಂದು ನೋಟ್‌ಬುಕ್, ನಿಮ್ಮ ಗುರುತಿನ ಚೀಟಿಯ ಪ್ರತಿ. ಸಾಧ್ಯವಾದರೆ ಅದೇ ರಸ್ತೆಯ ಇನ್ನಿಬ್ಬರು ನಿವಾಸಿಗಳ ಸಹಿ. ಒಬ್ಬರ ಅರ್ಜಿಗಿಂತ ಮೂವರ ಅರ್ಜಿಗೆ ಕಚೇರಿಯಲ್ಲಿ ತೂಕ ಹೆಚ್ಚು. ದೂರು ಕೊಡಲು ವಕೀಲರು ಬೇಡ, ಶುಲ್ಕವೂ ಇಲ್ಲ.

ಹಂತ 1: ಮೊದಲು ಅಪಾಯ ತಪ್ಪಿಸಿ

ತೆರೆದ ಗುಂಡಿಯ ಫೋಟೊ ತೆಗೆಯುತ್ತ ನಿಲ್ಲುವ ಮುನ್ನ, ಹಿಂದೆ ಬರುವ ಸ್ಕೂಟರ್ ಸವಾರನಿಗೆ ಅದು ಕಾಣುವಂತೆ ಮಾಡಿ. ನಮ್ಮ ಜನ ಹಿಂದಿನಿಂದಲೂ ಮಾಡುತ್ತ ಬಂದದ್ದೇ ಸಾಕು: ಎಲೆ ತುಂಬಿದ ಒಂದು ಉದ್ದನೆಯ ಕೊಂಬೆಯನ್ನು ಗುಂಡಿಯೊಳಗೆ ನೆಟ್ಟಗೆ ನಿಲ್ಲಿಸಿ, ತುದಿಗೆ ಕೆಂಪು ಅಥವಾ ಬಿಳಿ ಬಟ್ಟೆ ಕಟ್ಟಿ. ರಾತ್ರಿಯಾದರೆ ಬಿಳಿ ಬಟ್ಟೆಯೇ ಒಳ್ಳೆಯದು, ಹೆಡ್‌ಲೈಟ್‌ಗೆ ಬೇಗ ಕಾಣುತ್ತದೆ. ಕಲ್ಲುಗಳನ್ನು ಸುತ್ತ ಜೋಡಿಸಬೇಡಿ. ಕತ್ತಲಲ್ಲಿ ಆ ಕಲ್ಲೇ ಇನ್ನೊಂದು ಅಪಘಾತಕ್ಕೆ ಕಾರಣವಾಗುತ್ತದೆ.

ಒಳಚರಂಡಿಯ ಮ್ಯಾನ್‌ಹೋಲ್ ಆಗಿದ್ದರೆ ಅದರೊಳಗೆ ಬಗ್ಗಿ ನೋಡಬೇಡಿ, ಇಳಿಯುವ ಮಾತಂತೂ ಬೇಡವೇ ಬೇಡ. ಒಳಗಿನ ವಿಷಾನಿಲ ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸುತ್ತದೆ.

ಕತ್ತರಿಸಿದ ತಂತಿ ನೇತಾಡುತ್ತಿದ್ದರೆ, ಅದರಲ್ಲಿ ವಿದ್ಯುತ್ ಹರಿಯುತ್ತಿದೆ ಎಂದೇ ತಿಳಿಯಿರಿ. ಹಗಲಲ್ಲಿ ಸತ್ತಂತಿರುವ ಬೀದಿದೀಪದ ತಂತಿಗೆ ಸಂಜೆ ಸ್ವಿಚ್ ಬಿದ್ದ ಕೂಡಲೇ ಜೀವ ಬರುತ್ತದೆ. 2023ರ ನವೆಂಬರ್‌ನಲ್ಲಿ ಕಾಡುಗೋಡಿಯಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತದ್ದನ್ನು ಬೆಂಗಳೂರು ಮರೆತಿಲ್ಲ. ಅದು ಕಿಡಿಗೇಡಿಗಳ ಕೃತ್ಯವಾಗಿರಲಿಲ್ಲ. ಆದರೆ ತುಳಿಯುವ ಕಾಲಿಗೆ ಕಾರಣ ಗೊತ್ತಾಗುವುದಿಲ್ಲ. ತಂತಿ ಕಂಡರೆ ದೂರ ನಿಂತು, ಇತರರನ್ನೂ ದೂರವಿರಿಸಿ, 1912ಕ್ಕೆ ಕರೆ ಮಾಡಿ. ಇದು ವಿದ್ಯುತ್ ದೂರಿನ ಸಹಾಯವಾಣಿ. ಜನರಿಗೆ ತಕ್ಷಣದ ಅಪಾಯವಿದ್ದರೆ, ಅಥವಾ ಒಡೆಯುವವರು ಇನ್ನೂ ಸ್ಥಳದಲ್ಲೇ ಇದ್ದರೆ, 112.

ಹಂತ 2: ಸಾಕ್ಷ್ಯ ಹಿಡಿಯಿರಿ

ಮೂರು ಫೋಟೊ ಸಾಕು, ಆದರೆ ಮೂರೂ ಬೇಕು. ಮೊದಲನೆಯದು ದೂರದಿಂದ: ಅಂಗಡಿಯ ಫಲಕವೋ ಅಡ್ಡರಸ್ತೆಯ ಹೆಸರೋ ಕಾಣುವಂತೆ. ಎರಡನೆಯದು ನಡುವಿನ ಅಂತರದಿಂದ: ಕಂಬ ಅಥವಾ ಗುಂಡಿ ಪೂರ್ತಿ ಕಾಣುವಂತೆ. ಮೂರನೆಯದು ತೀರಾ ಹತ್ತಿರದಿಂದ: ಹಾನಿಯಾದ ಜಾಗ ಮಾತ್ರ. ಕಂಬದ ಮೇಲೆ ಸಂಖ್ಯೆ ಬರೆದಿದ್ದರೆ ಅದರದೂ ಒಂದು. "ಬೇಕರಿ ಎದುರಿನ ಕಂಬ" ಎಂದು ಬರೆದ ದೂರಿಗಿಂತ ಕಂಬದ ಸಂಖ್ಯೆ ಬರೆದ ದೂರು ಬೇಗ ಮುಟ್ಟುತ್ತದೆ.

ಹತ್ತಿರದ ಫೋಟೊದಲ್ಲಿ ಗಮನಿಸಬೇಕಾದದ್ದು ಮುರಿದ ಅಂಚು. ಸವೆದು ತುಕ್ಕು ಹಿಡಿದು ಮುರಿದ ಕಬ್ಬಿಣದ ಅಂಚು ಒಳಗೂ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿರುತ್ತದೆ. ಗರಗಸದಿಂದ ಕೊಯ್ದದ್ದು ನೇರವಾಗಿ, ಬೆಳ್ಳಗೆ ಹೊಳೆಯುತ್ತದೆ, ಪಕ್ಕದಲ್ಲಿ ಗರಗಸ ಜಾರಿದ ಒಂದೆರಡು ಗೀರುಗಳಿರುತ್ತವೆ. ತಂತಿಯೂ ಹಾಗೆಯೇ. ಎಳೆದು ತುಂಡಾದ ತಂತಿಯ ಎಳೆಗಳು ಉದ್ದಗಿಡ್ಡವಾಗಿ ಚೂಪಾಗಿರುತ್ತವೆ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ್ದು ಒಂದೇ ಸಮ. ಈ ಹೊಳಪು ಕೆಲವೇ ದಿನ ಇರುತ್ತದೆ. ಎರಡು ಮಳೆ ಬಿದ್ದರೆ ಅಲ್ಲಿಗೂ ತುಕ್ಕು ಕೂರುತ್ತದೆ, ಆಮೇಲೆ "ಹಳೆಯದಾಗಿ ಮುರಿದಿದೆ" ಎಂದು ಬರೆದು ಕಡತ ಮುಚ್ಚುವುದು ಸುಲಭ. ಆದ್ದರಿಂದ ಕಂಡ ದಿನವೇ ಫೋಟೊ ತೆಗೆಯಿರಿ.

ತಪ್ಪುವುದು ಎಲ್ಲಿ? ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಮೂಲವನ್ನು ಅಳಿಸಿಬಿಡುವುದರಲ್ಲಿ. ಹಾಗೆ ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಮೂಲ ಫೈಲು ನಿಮ್ಮ ಮೊಬೈಲ್‌ನಲ್ಲೇ ಇರಲಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಫೈಲಿನ ಹ್ಯಾಷ್ ಮೌಲ್ಯ ಬರೆಯಬೇಕು. ಹ್ಯಾಷ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತದೆ. ಈಗಲೇ ಅದನ್ನು ತೆಗೆಸುವ ಅಗತ್ಯವಿಲ್ಲ, ಮೂಲ ಕೆಡದಂತೆ ಇಟ್ಟುಕೊಂಡರೆ ಸಾಕು.

ಎದುರಿನ ಮನೆಯಲ್ಲೋ ಅಂಗಡಿಯಲ್ಲೋ ಸಿಸಿಟಿವಿ ಕ್ಯಾಮೆರಾ ಇದ್ದರೆ ಅಂದೇ ಹೋಗಿ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ಮನೆಗಳ ಕ್ಯಾಮೆರಾದಲ್ಲಿ ದೃಶ್ಯ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ದೃಶ್ಯವನ್ನು ನಿಮಗೆ ಕೊಡಲು ಅವರು ಹಿಂಜರಿಯಬಹುದು, ಅದು ಸಹಜ. "ಅಳಿಸಿಹೋಗದಂತೆ ತೆಗೆದಿಡಿ, ಪೊಲೀಸರು ಕೇಳಿದಾಗ ಕೊಡಿ" ಎಂದು ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಹಂತ 3: ಇದು ಯಾರ ಆಸ್ತಿ?

ದೂರುಗಳು ಸಾಯುವುದು ಇಲ್ಲಿಯೇ. ಒಂದು ಕಚೇರಿ "ನಮ್ಮದಲ್ಲ" ಎಂದು ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತದೆ, ನಾವು ಸುಸ್ತಾಗಿ ಬಿಟ್ಟುಬಿಡುತ್ತೇವೆ. ಸಾಮಾನ್ಯ ಹಂಚಿಕೆ ಹೀಗಿದೆ.

ಬೀದಿದೀಪ ಪಾಲಿಕೆಯದು, ಬೆಸ್ಕಾಂನದಲ್ಲ. ಹೆಚ್ಚು ಜನ ಎಡವುವುದು ಇದರಲ್ಲೇ. ವಿದ್ಯುತ್ ಸರಬರಾಜಿನ ಕಂಬ, ಟ್ರಾನ್ಸ್‌ಫಾರ್ಮರ್ ಮತ್ತು ಮನೆಗಳಿಗೆ ಹೋಗುವ ತಂತಿ ಬೆಸ್ಕಾಂನವು. ಒಂದೇ ದೀಪ ಉರಿಯದಿದ್ದರೆ ಅದು ಬಹುಶಃ ಬಲ್ಬಿನ ದೋಷ. ಇಡೀ ಸಾಲು ಆರಿದ್ದರೆ ಸ್ವಿಚ್ ಪೆಟ್ಟಿಗೆ ನೋಡಬೇಕು. ಒಂದು ಕಂಬದವರೆಗೆ ಉರಿದು, ಅಲ್ಲಿಂದಾಚೆಗೆ ಎಲ್ಲವೂ ಆರಿದ್ದರೆ ನಡುವೆ ಕೇಬಲ್ ತುಂಡಾಗಿರುವ ಸಾಧ್ಯತೆ ಹೆಚ್ಚು. ದೂರಿನಲ್ಲಿ ಇದನ್ನು ಬರೆಯಿರಿ, ಬರುವವರು ಏಣಿಯ ಜೊತೆ ಕೇಬಲ್ಲನ್ನೂ ತರುತ್ತಾರೆ.

ಒಳಚರಂಡಿಯ ಮ್ಯಾನ್‌ಹೋಲ್ ಮತ್ತು ಕುಡಿಯುವ ನೀರಿನ ಕೊಳವೆ ಜಲಮಂಡಳಿಯವು (ಸಹಾಯವಾಣಿ 1916). ಮಳೆನೀರಿನ ಚರಂಡಿ, ಅದರ ಮೇಲಿನ ಚಪ್ಪಡಿ ಮತ್ತು ಜಾಲರಿ ಪಾಲಿಕೆಯವು (1533). ರಸ್ತೆಯ ನಡುವಿನ ದುಂಡು ಮುಚ್ಚಳ ಸಾಮಾನ್ಯವಾಗಿ ಒಳಚರಂಡಿಯದು. ಪಾದಚಾರಿ ಮಾರ್ಗದಲ್ಲಿರುವ ಚೌಕಾಕಾರದ್ದು ದೂರಸಂಪರ್ಕ ಕಂಪನಿಯ ಕೇಬಲ್ ಗುಂಡಿಯೂ ಆಗಿರಬಹುದು, ಮುಚ್ಚಳದ ಮೇಲೆ ಅಚ್ಚಾದ ಅಕ್ಷರ ನೋಡಿ. ಬಸ್ ತಂಗುದಾಣ ಬಿಎಂಟಿಸಿಯದೆಂದು ನಾವು ಅಂದುಕೊಳ್ಳುತ್ತೇವೆ. ರಸ್ತೆಬದಿಯ ತಂಗುದಾಣಗಳಲ್ಲಿ ಹೆಚ್ಚಿನವು ಪಾಲಿಕೆಯವು. ಬಡಾವಣೆಯ ಉದ್ಯಾನಗಳನ್ನೂ ಪಾಲಿಕೆ ನೋಡಿಕೊಳ್ಳುತ್ತದೆ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನ ರಾಜ್ಯ ತೋಟಗಾರಿಕೆ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಯ ತಡೆಬೇಲಿ, ಫಲಕಗಳಿಗೆ 1033.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾಗಿವೆ. ಅರ್ಜಿಯ ಮೇಲೆ ಹಳೆಯ ಹೆಸರು ಬರೆದರೆ ಅಲೆದಾಟಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲೇ ತಿಳಿದುಕೊಳ್ಳಿ.

ಹಂತ 4: ದುರಸ್ತಿ ದೂರು ಕೊಡಿ

ಸಹಾಯವಾಣಿಗೆ ಕರೆ ಮಾಡಿ, ದೂರು ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದಿದ್ದರೆ ಮುಂದೆ ಹಿಡಿದು ಕೇಳಲು ಏನೂ ಇರುವುದಿಲ್ಲ. ಕೆಲಸವಾಗದೆಯೇ "ಪರಿಹರಿಸಲಾಗಿದೆ" ಎಂಬ ಸಂದೇಶ ಬರುವುದುಂಟು. ಬಂದರೆ ಸಿಟ್ಟಿನಲ್ಲಿ ಬಿಟ್ಟುಬಿಡಬೇಡಿ. ಅಂದೇ ಅದೇ ಜಾಗದ ಹೊಸ ಫೋಟೊ ತೆಗೆದು, ಹಳೆಯ ಸಂಖ್ಯೆಯನ್ನು ಉಲ್ಲೇಖಿಸಿ ಮತ್ತೆ ದೂರು ಕೊಡಿ. ಸುಳ್ಳು ಮುಕ್ತಾಯದ ಆ ಸಂದೇಶವೂ ಒಂದು ದಾಖಲೆಯೇ, ಜೋಪಾನವಾಗಿಡಿ.

ಹಂತ 5: ಹಾನಿಯ ದೂರು ಕೊಡಿ

ಮೊದಲು ಕಾನೂನು ಚುಟುಕಾಗಿ. ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ 1984ರಿಂದಲೂ ಇದೆ. ಅದರ 3(1)ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಮತ್ತು ದಂಡ. ನೀರು, ಬೆಳಕು, ವಿದ್ಯುತ್, ಒಳಚರಂಡಿ, ಸಾರ್ವಜನಿಕ ಸಾರಿಗೆ, ದೂರಸಂಪರ್ಕ ಇವುಗಳಿಗೆ ಸಂಬಂಧಿಸಿದ ಆಸ್ತಿಯಾದರೆ 3(2)ನೇ ಕಲಮು ಬರುತ್ತದೆ. ಅಲ್ಲಿ ಕನಿಷ್ಠ ಆರು ತಿಂಗಳ ಕಠಿಣ ಸಜೆ. ಬೆಂಕಿ ಅಥವಾ ಸ್ಫೋಟಕ ಬಳಸಿದ್ದರೆ 4ನೇ ಕಲಮು: ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು. ರಸ್ತೆಯನ್ನು ಓಡಾಟಕ್ಕೆ ಅಪಾಯಕಾರಿಯಾಗಿಸುವ ಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲೂ ಐದು ವರ್ಷದವರೆಗೆ ಶಿಕ್ಷೆ ಇದೆ. ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ಹೋಗುವುದು ಇದಕ್ಕೆ ತಕ್ಕ ಉದಾಹರಣೆ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಠಾಣೆಯಲ್ಲಿ ಇದನ್ನು ಬರೀ ಸಣ್ಣ ಕಳವು ಎಂದು ನೋಡಿದರೆ ನಿಮ್ಮ ದೂರು ಸೊರಗುತ್ತದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವು ಈಗಿನ ಕಾನೂನಿನಲ್ಲಿ ಅಸಂಜ್ಞೇಯ ಅಪರಾಧ, ಎಂದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಜಾಲರಿಯೊಂದರ ಗುಜರಿ ಬೆಲೆ ಅಷ್ಟಾಗುವುದಿಲ್ಲ. 1984ರ ಕಾಯ್ದೆಯಡಿಯ ಅಪರಾಧ ಸಂಜ್ಞೇಯ. ಅಲ್ಲಿ ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದು. ಆದ್ದರಿಂದ ಅರ್ಜಿಯಲ್ಲಿ ಆ ಕಾಯ್ದೆಯ ಹೆಸರು ಇರಲೇಬೇಕು. ಮಾದರಿ ಹೀಗಿರಲಿ:

"ಇವರಿಗೆ, ಠಾಣಾಧಿಕಾರಿಗಳು, ____ ಪೊಲೀಸ್ ಠಾಣೆ.
ವಿಷಯ: ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿರುವ ಬಗ್ಗೆ ದೂರು.
ಮಾನ್ಯರೇ, ದಿನಾಂಕ ____ರಂದು ಬೆಳಿಗ್ಗೆ ____ ಗಂಟೆಗೆ ____ ರಸ್ತೆಯಲ್ಲಿ, ಕಂಬ ಸಂಖ್ಯೆ ____ರ ಬಳಿ ____ ಕಾಣೆಯಾಗಿರುವುದನ್ನು/ಒಡೆದಿರುವುದನ್ನು ನಾನು ಕಂಡಿರುತ್ತೇನೆ. ಹಿಂದಿನ ದಿನ ____ ಗಂಟೆಯವರೆಗೆ ಅದು ಸುಸ್ಥಿತಿಯಲ್ಲಿತ್ತು. ಇದು ____ಕ್ಕೆ ಸೇರಿದ ಆಸ್ತಿ. ಕತ್ತರಿಸಿದ ಗುರುತುಗಳ ಫೋಟೊ ಲಗತ್ತಿಸಿದೆ. ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, 1984 ಹಾಗೂ ಅನ್ವಯವಾಗುವ ಇತರ ಕಲಮುಗಳಡಿ ಪ್ರಕರಣ ದಾಖಲಿಸಿ, ಹತ್ತಿರದ ಸಿಸಿಟಿವಿ ದೃಶ್ಯಗಳನ್ನು ವಶಕ್ಕೆ ಪಡೆಯಬೇಕೆಂದು ಕೋರುತ್ತೇನೆ."

ಕಂಡದ್ದನ್ನು ಮಾತ್ರ ಬರೆಯಿರಿ. "ಪಕ್ಕದ ಶೆಡ್ಡಿನವರೇ ಕದ್ದಿರಬೇಕು" ಎಂಬಂಥ ಊಹೆ ಬೇಡ. ಚಿಂದಿ ಆಯುವ ಬಡವರ ಮೇಲೆ ಅನುಮಾನ ಹೊರಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅದು ಅನ್ಯಾಯ, ತನಿಖೆಯ ದಾರಿಯನ್ನೂ ತಪ್ಪಿಸುತ್ತದೆ.

ಇದೇ ಅರ್ಜಿಯ ಪ್ರತಿಯನ್ನು ಆಸ್ತಿಯ ಒಡೆತನವಿರುವ ಇಲಾಖೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೂ ಕೊಡಿ. ಜೊತೆಗೆ ಒಂದು ಸಾಲು ಸೇರಿಸಿ: "ನಷ್ಟದ ಅಂದಾಜು ತಯಾರಿಸಿ ಇಲಾಖೆಯ ವತಿಯಿಂದಲೂ ಠಾಣೆಗೆ ದೂರು ನೀಡಬೇಕು." ಈ ಸಾಲನ್ನು ಬಿಡಬೇಡಿ. ಸಂಜ್ಞೇಯ ಅಪರಾಧದ ಬಗ್ಗೆ ಯಾರು ಬೇಕಾದರೂ ದೂರು ಕೊಡಬಹುದು ನಿಜ. ಆದರೆ ವಸ್ತು ತನ್ನದೆಂದು ಹೇಳಿ, ಅದರ ಬೆಲೆಯನ್ನು ಕಾಗದದ ಮೇಲೆ ಕೊಡಬಲ್ಲದ್ದು ಇಲಾಖೆ ಮಾತ್ರ. ಆ ಕಾಗದವಿಲ್ಲದೆ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಎರಡೂ ಕಡೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ. ಬಾಯಿಮಾತಿಗೆ ತೃಪ್ತಿಪಟ್ಟು ಹಿಂದಿರುಗಬೇಡಿ.

ಹಂತ 6: ಠಾಣೆಯಲ್ಲಿ ಏನು ನಿರೀಕ್ಷಿಸಬಹುದು

ಎಫ್‌ಐಆರ್ ಎಂದರೆ ಪ್ರಥಮ ವರ್ತಮಾನ ವರದಿ, ತನಿಖೆಯ ಮೊದಲ ಹಾಳೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ನಿಮಗೆ ಬೇಕಾದದ್ದು ಬಹಳಷ್ಟಿದೆ. ಯಾವ ಠಾಣೆಯ ವ್ಯಾಪ್ತಿ ಎಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

"ಮೊದಲು ವಿಚಾರಣೆ ಮಾಡುತ್ತೇವೆ" ಎಂದು ಠಾಣೆಯಲ್ಲಿ ಹೇಳಿದರೆ ಅದು ಯಾವಾಗಲೂ ನೆಪವಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ನಡೆಸಲು ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ 14 ದಿನಗಳ ಗಡುವಿದೆ. ಹದಿನೈದನೆಯ ದಿನ ನೀವು ಮತ್ತೆ ಠಾಣೆಯಲ್ಲಿರಬೇಕು. ದೂರನ್ನು ಒಪ್ಪದಿದ್ದರೆ ಹಿಂಬರಹ ಕೇಳಿ, ಎಂದರೆ ಏಕೆ ಒಪ್ಪಲಿಲ್ಲ ಎಂಬ ಲಿಖಿತ ಉತ್ತರ. ಅಲ್ಲಿಂದ ಮುಂದೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಂಗಳೂರಿನಲ್ಲಾದರೆ ವಿಭಾಗದ ಡಿಸಿಪಿಗೆ ಕಳುಹಿಸಬಹುದು. ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ.

ಪ್ರಕರಣ ದಾಖಲಾದರೆ ಪೊಲೀಸರು ಸ್ಥಳಕ್ಕೆ ಬಂದು ಮಹಜರು ಮಾಡುತ್ತಾರೆ. ಪಂಚರ, ಎಂದರೆ ಸ್ಥಳೀಯ ಸಾಕ್ಷಿಗಳ ಸಮಕ್ಷಮದಲ್ಲಿ ಕಂಡದ್ದನ್ನು ಬರೆದುಕೊಳ್ಳುವುದೇ ಮಹಜರು. ಪಂಚರಾಗಲು ಕರೆದರೆ ಹಿಂಜರಿಯಬೇಡಿ, ಓದಿ ನೋಡದೆ ಸಹಿಯನ್ನೂ ಹಾಕಬೇಡಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಹಂತ 7: ಹಗಲಲ್ಲೇ ನಡೆಯುವ ಹಾನಿ

ಆಸ್ತಿ ಹಾನಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ರಾತ್ರಿಯ ಕಳ್ಳ. ಆದರೆ ನಗರದ ಪಾದಚಾರಿ ಮಾರ್ಗಗಳನ್ನು ಒಡೆಯುವವರಲ್ಲಿ ಬಹಳ ಮಂದಿ ಹಾಡಹಗಲಲ್ಲೇ ಕೆಲಸ ಮಾಡುತ್ತಾರೆ. ಕಾರು ಹತ್ತಿಸಲು ಇಳಿಜಾರು ಕಟ್ಟಿಸುವ ಮನೆಯವರು ಅಂಚಿನ ಕಲ್ಲನ್ನು ಕಿತ್ತುಹಾಕುತ್ತಾರೆ. ಜಲ್ಲಿ ಲಾರಿ ಪಾದಚಾರಿ ಮಾರ್ಗದ ಮೇಲೆಯೇ ಹಿಂದೆ ಬಂದು ಚಪ್ಪಡಿ ಸೀಳುತ್ತದೆ. ಕೇಬಲ್ ಎಳೆಯುವವರು ಅಗೆದು, ಮಣ್ಣು ತಳ್ಳಿ, ಹೊರಟುಬಿಡುತ್ತಾರೆ. ಸಭ್ಯರಂತೆ ಕಾಣುವವರು ಮಾಡಿದ ಮಾತ್ರಕ್ಕೆ ಇದು ಹಾನಿಯಲ್ಲವೆಂದಾಗುವುದಿಲ್ಲ. ಅಗೆಯುತ್ತಿರುವವರನ್ನು ಕಂಡರೆ ರಸ್ತೆ ಕತ್ತರಿಸಲು ಪಾಲಿಕೆಯ ಅನುಮತಿ ಪತ್ರ ಇದೆಯೇ ಎಂದು ಸಮಾಧಾನದಿಂದ ಕೇಳಿ. ವಾಹನದ ಸಂಖ್ಯೆ, ಗುತ್ತಿಗೆದಾರರ ಫಲಕವಿದ್ದರೆ ಅದರ ಫೋಟೊ, ಸಮಯ, ಇಷ್ಟನ್ನು ಗುರುತು ಮಾಡಿಕೊಳ್ಳಿ. ಉತ್ತರ ಬಾರದಿದ್ದರೆ ವಾದಕ್ಕಿಳಿಯದೆ 1533ಕ್ಕೆ ಕರೆ ಮಾಡಿ.

ಗೋಡೆ, ಕಂಬ, ಮೇಲ್ಸೇತುವೆಯ ಕಾಲುಗಳಿಗೆ ಭಿತ್ತಿಪತ್ರ ಅಂಟಿಸುವುದಕ್ಕೆ ಪ್ರತ್ಯೇಕ ಕಾನೂನಿದೆ: ಕರ್ನಾಟಕ ಬಹಿರಂಗ ಸ್ಥಳಗಳ (ವಿರೂಪಣೆ ತಡೆ) ಅಧಿನಿಯಮ, 1981. ಭಿತ್ತಿಪತ್ರದಲ್ಲೇ ದೂರವಾಣಿ ಸಂಖ್ಯೆ ಇರುವುದರಿಂದ ಸಾಕ್ಷ್ಯ ಹುಡುಕುವ ಶ್ರಮವೂ ಇಲ್ಲ. ಮೆಟ್ರೊ ಬೋಗಿ ಮತ್ತು ನಿಲ್ದಾಣದೊಳಗೆ ಬರೆಯುವುದು, ಅಂಟಿಸುವುದು 2002ರ ಮೆಟ್ರೊ ರೈಲು ಕಾಯ್ದೆಯಡಿ ಅಪರಾಧ. ಅಲ್ಲಿ ಕಂಡದ್ದನ್ನು ನಿಲ್ದಾಣದ ಸಿಬ್ಬಂದಿಗೆ ತಿಳಿಸಿ.

ಹಂತ 8: ಮಾಡಬಾರದ್ದು

ಸಿಕ್ಕವನನ್ನು ಕಟ್ಟಿಹಾಕಿ ಹೊಡೆಯಬೇಡಿ. ಕಣ್ಣೆದುರು ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿಯಲು ಕಾನೂನು ಅವಕಾಶ ಕೊಡುತ್ತದೆ. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು, ಮತ್ತು ಒಂದು ಏಟು ಬಿದ್ದರೂ ಅಪರಾಧಿ ನೀವಾಗುತ್ತೀರಿ. ಗರಗಸ, ಕಬ್ಬಿಣದ ಸಲಾಕೆ ಹಿಡಿದವರ ಹತ್ತಿರ ಒಬ್ಬರೇ ಹೋಗಬೇಡಿ. ದೂರದಿಂದ ಗಮನಿಸಿ 112ಕ್ಕೆ ತಿಳಿಸಿದರೆ ನಿಮ್ಮ ಕೆಲಸ ಮುಗಿಯಿತು.

ಸಿಸಿಟಿವಿಯಲ್ಲಿ ಕಂಡ ಮುಖವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ "ಇವನೇ ಕಳ್ಳ" ಎಂದು ಹಾಕಬೇಡಿ. ಆಡುತ್ತ ಆಡುತ್ತ ದೀಪ ಒಡೆದ ಹುಡುಗರಾದರೆ ಇನ್ನೂ ಎಚ್ಚರ ಬೇಕು. ಹದಿನೆಂಟರೊಳಗಿನವರ ಗುರುತನ್ನು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಒಂದು ಬಲ್ಬಿಗಾಗಿ ಹನ್ನೆರಡು ವರ್ಷದ ಹುಡುಗನ ಮುಖ ಊರೆಲ್ಲ ಓಡಾಡಬಾರದು.

ಹಂತ 9: ಹದಿನೈದು ದಿನವಾದರೂ ಏನೂ ಆಗದಿದ್ದರೆ

ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಗೆ (1902) ಹಿಂದಿನ ಎಲ್ಲ ಸಂಖ್ಯೆಗಳೊಂದಿಗೆ ದೂರು ಕೊಡಿ. ಬೆಂಗಳೂರಿನ ಹೊರಗಿನವರಿಗೂ ಇದು ಲಭ್ಯ.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು, ಉತ್ತರಕ್ಕೆ 30 ದಿನ. "ಏಕೆ ಸರಿಪಡಿಸಿಲ್ಲ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಸಿಗದು. ದಾಖಲೆ ಕೇಳಿ: ಕಳೆದ ಎರಡು ವರ್ಷದಲ್ಲಿ ಈ ಉಪವಿಭಾಗದಲ್ಲಿ ಬದಲಾಯಿಸಿದ ಮುಚ್ಚಳಗಳ ಸಂಖ್ಯೆ, ಅದಕ್ಕಾದ ವೆಚ್ಚ, ಕಳವಿನ ಬಗ್ಗೆ ಠಾಣೆಗೆ ಇಲಾಖೆ ಕೊಟ್ಟ ದೂರುಗಳ ಪ್ರತಿ. ಮೂರನೆಯದರ ಉತ್ತರ "ಇಲ್ಲ" ಎಂದು ಬಂದರೆ, ಮೊದಲೆರಡರ ಉತ್ತರದ ಜೊತೆ ಅದನ್ನು ಆಯುಕ್ತರಿಗೆ ಕಳುಹಿಸಿ.

ಹಂತ 10: ಹೊಸದು ಬಂದ ದಿನ

ಕೆಲಸದವರು ಮುಚ್ಚಳ ತಂದಾಗ ಸಾಧ್ಯವಾದರೆ ಅಲ್ಲಿರಿ. ಅವರು ಹೋದ ಮೇಲೆ ಒಂದು ಅಂಚಿನ ಮೇಲೆ ಕಾಲಿಟ್ಟು ಒತ್ತಿ ನೋಡಿ. ಕುಣಿದರೆ, ಟಕ್ ಎಂದು ಸದ್ದು ಮಾಡಿದರೆ, ಚೌಕಟ್ಟು ಸರಿಯಾಗಿ ಕೂತಿಲ್ಲ. ಅಂಥದ್ದು ವಾಹನದ ಭಾರಕ್ಕೆ ಒಡೆಯುತ್ತದೆ, ಎತ್ತಿಕೊಂಡು ಹೋಗಲೂ ಸುಲಭ. ಬೀಗ ಅಥವಾ ಕೀಲು ಇರುವ ಮುಚ್ಚಳ, ಇಲ್ಲವೇ ಗುಜರಿಯಲ್ಲಿ ಬೆಲೆ ಬಾರದ ಕಾಂಕ್ರೀಟ್ ಅಥವಾ ಫೈಬರ್ ಮುಚ್ಚಳ ಹಾಕುವಂತೆ ಎಂಜಿನಿಯರ್‌ಗೆ ಲಿಖಿತವಾಗಿ ಕೇಳಿ. ಬೀದಿದೀಪದ ಕಂಬವಾದರೆ, ಬುಡದ ಪೆಟ್ಟಿಗೆಯ ಬಾಗಿಲಿಗೆ ತಿರುಪು ಹಾಕಿದ್ದಾರೆಯೇ ಎಂದು ದೂರದಿಂದಲೇ ನೋಡಿ, ಮುಟ್ಟಬೇಡಿ. ಎಲ್ಲ ಸರಿಯಿದ್ದರೆ ಹೊಸದರ ಒಂದು ಫೋಟೊ ತೆಗೆದು, ದಿನಾಂಕ ಬರೆದು, ಹಳೆಯ ದೂರಿನ ಕಾಗದಗಳ ಜೊತೆ ಇಟ್ಟುಕೊಳ್ಳಿ. ಮತ್ತೊಮ್ಮೆ ಹೋದರೆ, "ಈ ದಿನದವರೆಗೆ ಸುಸ್ಥಿತಿಯಲ್ಲಿತ್ತು" ಎಂದು ತೋರಿಸುವ ಮೊದಲ ಸಾಕ್ಷ್ಯ ಅದೇ. ಗುಂಡಿಯಲ್ಲಿ ನಿಲ್ಲಿಸಿದ್ದ ಕೊಂಬೆ ರಸ್ತೆಬದಿಯಲ್ಲಿ ಬಿದ್ದಿದ್ದರೆ ಅದನ್ನೂ ಎತ್ತಿಹಾಕಿ.